ಹೇಮಪ್ಪ ತುಂಬಿಕೊಂಡ ಗಾಳಿ

ಹೊಂಬಳದ ಹೇಮಪ್ಪನ ಗಂಟಲು ಒಂದು ಕಾಲಕ್ಕೆ ಊರಲ್ಲಿ ಹೆಸರಾಗಿತ್ತು. ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲುತ್ತ ಅವನು 'ಹುಲ್ಲುಲ್ಲಿಗೋ' ಎಂದು ಕೂಗಿದರೆ ಮೂರು ಹೊಲದಾಚೆ ಇದ್ದವರೂ ತಮ್ಮ ಬುಟ್ಟಿ ಎತ್ತಿಕೊಳ್ಳುತ್ತಿದ್ದರು. ಚರಗವೆಂದರೆ ಭೂಮಿತಾಯಿಗೆ ಉಣಿಸುವ ಕೆಲಸ. ಕಡುಬು, ರೊಟ್ಟಿ, ಪಲ್ಲೆ ಕಲಸಿದ ಬುಟ್ಟಿ ಹಿಡಿದು, ಹಿಡಿ ಹಿಡಿಯಾಗಿ ಎರಚುತ್ತ, ಕೂಗುತ್ತ ಹೊಲವನ್ನು ಪೂರ್ತಿ ಒಂದು ಸುತ್ತು ಬರಬೇಕು.

ಆ ಗಂಟಲನ್ನು ತಿಂದದ್ದು ಹತ್ತಿಯ ಧೂಳು. ಗದಗಿನ ಹತ್ತಿ ಗಿರಣಿಯೊಂದರಲ್ಲಿ ಹೇಮಪ್ಪ ಇಪ್ಪತ್ತೆರಡು ವರ್ಷ ದುಡಿದ. ಸಂಜೆ ಒಂದು ಚೂರು ಬೆಲ್ಲ ತಿಂದರೆ ಎದೆಯ ಧೂಳೆಲ್ಲ ಕೆಳಗಿಳಿಯುತ್ತದೆಂದು ಅಲ್ಲಿ ಎಲ್ಲರೂ ನಂಬಿದ್ದರು, ಅವನೂ ನಂಬಿದ್ದ. ಬೆಲ್ಲ ಹೊಟ್ಟೆಗೆ ಹೋಯಿತು, ಧೂಳು ಎದೆಯಲ್ಲೇ ಮನೆ ಮಾಡಿತು. ಕೂತರೆ ಗಟ್ಟಿ ಆಳು, ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಮೂರು ವರ್ಷದಿಂದ ಅವನ ಆರು ಎಕರೆ ಹೊಲಕ್ಕೆ ಪಕ್ಕದ ಹೊಲದ ಲಕ್ಕಪ್ಪನೇ ಚರಗ ಚೆಲ್ಲುತ್ತಿದ್ದ. ಆ ಕೂಗು ಕೇಳಿದಾಗ ಹೇಮಪ್ಪ ಮುಖ ತಿರುಗಿಸಿ ಕೂರುತ್ತಿದ್ದ. ಇನ್ನೊಂದೇ ಒಂದು ಸಲ ತಾನು ಆ ಸುತ್ತು ಬರಬೇಕು. ಅವನಿಗೆ ಬೇರೆ ಆಸೆಯೇ ಉಳಿದಿರಲಿಲ್ಲ.

ಕನ್ನಡನಾಡು ಒಂದಾದ ವರ್ಷ, ಎಳ್ಳಮಾವಾಸ್ಯೆಗೆ ಒಂದು ವಾರವಿದ್ದಾಗ, ಹೆಂಡತಿ ಮಂಜವ್ವ ಅವನನ್ನು ಬೆಟಗೇರಿಯ ದವಾಖಾನೆಗೆ ಸೇರಿಸಿದಳು. ಡಾಕ್ಟರ್ ಮಾರ್ತಾಂಡರಾಯರು ಅವನ ಮೂಗುಬಾಯಿಗೆ ರಬ್ಬರಿನ ಮುಸುಕು ಹಾಕಿದರು. ನರ್ಸು ಆಮ್ಲಜನಕದ ಸಿಲಿಂಡರನ್ನು ಗಾಲಿಯ ಮೇಲೆ ತಳ್ಳುತ್ತ ಜೊತೆಗೆ ಬಂದಳು. ಮುಸುಕಿಲ್ಲದೆ ಹನ್ನೆರಡು ಹೆಜ್ಜೆಗೆ ಗೋಡೆ ಹಿಡಿದವನು ಈಗ ಪಡಸಾಲೆಯ ಆ ತುದಿ ಮುಟ್ಟಿ ಬಂದ. ಮತ್ತೊಮ್ಮೆ ಹೋಗಿ ಬಂದ. ಅವನ ಕಣ್ಣು ತುಂಬಿ ಬಂತು.

"ಸಾಹೇಬ್ರ, ಇದನ್ನ ಒಂದ ದಿನ ನಮ್ಮ ಹೊಲಕ್ಕ ಒಯ್ಯಾಕ ಕೊಡ್ತೀರೇನ್ರಿ?"

"ಇಡೀ ದವಾಖಾನಿಗೆ ಇರೋವು ಎರಡೇ ಅವ, ಹೇಮಪ್ಪಾ. ಹ್ಯಾಂಗ ಕೊಡ್ಲಿ?"

ಹೇಮಪ್ಪನ ರೈತಬುದ್ಧಿ ಬೇರೆ ದಾರಿ ಹಿಡಿಯಿತು. ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬಿಟ್ಟು ವರ್ಷಗಟ್ಟಲೆ ಉಂಡ ಮನೆತನ ಅವನದು. ಗಾಳಿಯನ್ನೂ ಹಾಗೇ ತುಂಬಿಟ್ಟುಕೊಂಡರಾಯಿತು ಎಂದು ಲೆಕ್ಕ ಹಾಕಿದ ಪುಣ್ಯಾತ್ಮ, ಯಾರಿಗೂ ಹೇಳಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ನರ್ಸಮ್ಮನನ್ನು ಕಾಡಿ ಬೇಡಿ ಎರಡು ತಾಸು ಮುಸುಕು ಹಾಕಿಸಿಕೊಂಡು ಎದೆ ಉಬ್ಬಿಸಿ ಎಳೆದ. ಆಮೇಲೆ ಒಂದು ದಿನಕ್ಕೆ ಅಪ್ಪಣೆ ಪಡೆದು ಚಕ್ಕಡಿ ಏರಿದವನು ಹೊಂಬಳದವರೆಗೂ ತುಟಿ ಬಿಚ್ಚಲಿಲ್ಲ. ಮಂಜವ್ವ ಮಾತಾಡಿಸಿದರೆ ಬರೀ ಕೈಸನ್ನೆ. ಮಾತಾಡಿದರೆ ಗಾಳಿ ಖರ್ಚಾಗುತ್ತದಲ್ಲ.

ಹೊಲದಲ್ಲಿ ಬುಟ್ಟಿ ಹಿಡಿದು ಹೊರಟ. ಮೊದಲ ಕೂಗು ಚೆನ್ನಾಗಿಯೇ ಬಂತು. ಹದಿನಾಲ್ಕನೆಯ ಹೆಜ್ಜೆಗೆ ಎತ್ತರದ ಬದುವಿನ ಮೇಲೆ ಕುಸಿದು ಕೂತ. ತುಟಿ ನೀಲಿಗಟ್ಟಿತು. ಆ ಗಾಳಿ ಮುಸುಕು ತೆಗೆದ ಕೆಲವೇ ನಿಮಿಷಗಳಲ್ಲಿ ತೀರಿಹೋಗಿತ್ತೆಂದು ಅವನಿಗೆ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಮಾತು ಹೊರಟಿತು.

"ಎರಡ ತಾಸ ತುಂಬ್ಕೊಂಡಿದ್ದೆ, ಮಂಜಿ. ಎಲ್ಲಾ ಖಾಲಿ ಆತು. ಲಕ್ಕಪ್ಪನ್ನ ಕರಿ."

ಮಂಜವ್ವನಿಗೆ ಆಗ ಎಲ್ಲ ತಿಳಿಯಿತು. ನಗಲಿಲ್ಲ. ಬುಟ್ಟಿ ಎತ್ತಿಕೊಂಡಳು.

"ಅಂವ ಯಾಕ್ರಿ? ನಡಿಯೂದು ನಾ ನಡಿತೇನಿ. ನೀವು ಕುಂತಲ್ಲೇ ಕೂಗ್ರಿ. ನಿಮ್ಮ ಕೂಗು ಕೇಳೂತನಕಾ ನಾ ಕೈ ಬಿಚ್ಚಂಗಿಲ್ಲ."

ಮೊದಲ ಬದುವಿನಲ್ಲಿ ಅವನ ಕೂಗು ಅವಳಿಗೆ ಮುಟ್ಟಿತು. ಎದೆಮಟ್ಟದ ಜೋಳದಾಚೆ ಅವಳು ದೂರವಾದಂತೆ ದನಿ ಇಳಿಯಿತು. ತೀರ ಆಚೆ ಮೂಲೆಯಲ್ಲಿ ಮಂಜವ್ವ ಮುಷ್ಟಿ ಎತ್ತಿ, ಅವನತ್ತಲೇ ನೋಡುತ್ತ ನಿಂತಳು. ಹೇಮಪ್ಪ ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಬಾಯಿ ತೆರೆದ. ಕೂಗು ಅವನ ಕಿವಿಗೇ ಬೀಳಲಿಲ್ಲ.

ಆಕೆ ಕೈ ಬಿಚ್ಚಿದಳು, ಚರಗ ಹೊಲಕ್ಕೆ ಬಿತ್ತು. ಅಲ್ಲಿಗೆ ಏನೂ ಕೇಳಿಸಿರಲಾರದೆಂದು ಹೇಮಪ್ಪನಿಗೆ ಗೊತ್ತಿತ್ತು. ಆದರೂ ಅವಳು ಸುತ್ತು ಮುಗಿಸಿ ಬರುವವರೆಗೂ ಅವನು ದನಿಯಿಲ್ಲದೆ ಕೂಗುತ್ತಲೇ ಇದ್ದ.