ದೆಲ್ಫೀನಾ ಸಭೆಗೆ ಹೋಗದ ಸಂಜೆ

ದೆಲ್ಫೀನಾ ಬಾರಿಯೆಂತೋಸ್ ಮುಂದೊಂದು ದಿನ ಮೈಕಿನ ಮುಂದೆ ನಿಂತು ಸರ್ಕಾರದವರನ್ನು ಪ್ರಶ್ನೆ ಕೇಳುತ್ತಾಳೆ ಎಂದು ಯಾರಾದರೂ ಹೇಳಿದ್ದರೆ ನಮ್ಮ ಎಲ್ ಮೆಸ್ಕಿತಾಲ್ ಬಡಾವಣೆಯ ಜನ ನಕ್ಕುಬಿಡುತ್ತಿದ್ದರು. ಆಕೆ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವಳು. ಮಕ್ಕಳ ತಟ್ಟೆಗೆ ಬೀನ್ಸು ಬಡಿಸುವಾಗಲೂ ಅವಳ ಬಾಯಿಂದ ಎರಡು ಮಾತು ಹೊರಟರೆ ಹೆಚ್ಚು. ಚರ್ಚಿನಲ್ಲಿ ಪಾದ್ರಿಗಳು "ವಾಚನಕ್ಕೆ ಯಾರಾದರೂ ಬನ್ನಿ" ಎಂದು ಕರೆದರೆ, ಮುಂದಿನವರ ಬೆನ್ನ ಮರೆಗೆ ಬಗ್ಗಿ ಚೀಲದಲ್ಲಿ ಇಲ್ಲದ್ದನ್ನು ಹುಡುಕುವಳು.

ನಮ್ಮಲ್ಲಿ ಬಹಳ ಮಂದಿ ದಾಟಿ ಬಂದ ಗಡಿಯ ನದಿಯಿಂದ ಸ್ವಲ್ಪವೇ ದೂರದಲ್ಲಿದ್ದ ಆ ಬಡಾವಣೆ ಹಿಂದೆ ಹತ್ತಿಯ ಹೊಲವಾಗಿತ್ತು. ಹೊಲದ ಒಡೆಯ ಗೆರೆ ಎಳೆದು ನಿವೇಶನ ಮಾಡಿ ಮಾರಿದ. ನೀರು, ಕರೆಂಟು ಆಮೇಲೆ ಬರುತ್ತದೆ ಎಂದ. ಚರಂಡಿಯ ಮಾತನ್ನೇ ಎತ್ತಲಿಲ್ಲ. ಗಾರೆ ಕೆಲಸದ ಟೇಲೋ ಅಲ್ಲಿ ಒಂದು ಸೈಟು ಕೊಂಡು, ಭಾನುವಾರಗಳಂದು ಒಂದೊಂದೇ ಗೋಡೆ ಎಬ್ಬಿಸಿ, ದೆಲ್ಫೀನಾಳನ್ನು ಮದುವೆಯಾಗಿ ಕರೆತಂದ. ಮನೆ ಚೆನ್ನಾಗಿಯೇ ಆಯಿತು. ಆದರೆ ಜೋರು ಮಳೆ ಹೊಯ್ದರೆ ಬೀದಿ ಕೆರೆಯಾಗುತ್ತಿತ್ತು. ನೀರಿಗೆ ಹೋಗಲು ದಾರಿಯಿಲ್ಲ, ನಿಂತಲ್ಲೇ ನಿಂತು ಹಸಿರುಗಟ್ಟುತ್ತಿತ್ತು. ಶಾಲೆಯ ಬಸ್ಸು ಒಳಗೆ ಬರುತ್ತಿರಲಿಲ್ಲ. ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೆದ್ದಾರಿಗೆ ಬಿಟ್ಟು ಬರುತ್ತಿದ್ದರು. ಇದು ಇದ್ದದ್ದೇ ಎಂದು ಎಲ್ಲರೂ ಒಗ್ಗಿಹೋಗಿದ್ದರು.

ದೆಲ್ಫೀನಾ ಒಗ್ಗದೆ ಹೋದದ್ದು ಟೇಲೋನ ಸೋದರತ್ತೆ ಎವುಲಾಲಿಯಾ ತೀರಿಕೊಂಡ ವಾರ. ಚಂಡಮಾರುತದ ಬಾಲ ಬಡಿದು ಮಳೆ ಸುರಿದಿತ್ತು. ಹೆಣ ಸಾಗಿಸುವ ಗಾಡಿಯವನು ಹೆದ್ದಾರಿಯಲ್ಲೇ ನಿಲ್ಲಿಸಿ, ಇಂಜಿನ್‌ಗೆ ನೀರು ಹೋದರೆ ನಾನು ಜವಾಬ್ದಾರನಲ್ಲ ಎಂದುಬಿಟ್ಟ. ಗಂಡಸರು ಮೊಣಕಾಲುದ್ದ ನೀರಿನಲ್ಲಿ ಶವಪೆಟ್ಟಿಗೆ ಹೊತ್ತು ನಡೆದರು. ಯಾರದೋ ಕಾಲು ಜಾರಿ ಪೆಟ್ಟಿಗೆಯ ಒಂದು ಮೂಲೆ ಕೊಳೆನೀರಿಗೆ ಅದ್ದಿ ಮೇಲೆದ್ದಿತು. ಬದುಕಿನುದ್ದಕ್ಕೂ ಬಿಳಿ ಏಪ್ರನ್ನಿನ ಮೇಲೆ ಒಂದು ಕಲೆ ಬೀಳಗೊಡದ ಮುದುಕಿ. ಗೇಟಿನ ಬಳಿ ಮೊಂಬತ್ತಿ ಹಿಡಿದು ನಿಂತಿದ್ದ ದೆಲ್ಫೀನಾ ಅದನ್ನು ನೋಡಿದಳು.

ಮಣ್ಣು ಮಾಡಿ ಬಂದು ಊಟಕ್ಕೆ ಕೂತಾಗ ಎಲ್ಲರೂ ಜಿಲ್ಲೆಯ ಆಡಳಿತ ನಡೆಸುವ ಕೌಂಟಿಯವರಿಗೆ ಶಾಪ ಹಾಕಿದರು. ಆಗ ದೆಲ್ಫೀನಾ ಸಾರಿನ ಪಾತ್ರೆ ಕೆಳಗಿಟ್ಟು, "ಇಲ್ಲಿ ಬೈದ್ರೆ ಅವರಿಗೆ ಕೇಳ್ಸುತ್ತಾ? ಅಲ್ಲಿಗೇ ಹೋಗಿ ಹೇಳೋಣ" ಎಂದಳು.

ಎದುರು ಮನೆಯ ಒಫೀಲಿಯಾ ಚಮಚ ಬಾಯಿಗಿಡುವುದನ್ನೂ ಮರೆತು ನೋಡಿದಳು. ದೆಲ್ಫೀನಾಳ ಮಗಳು ಯರೇಲಿಯ ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ಮಗುವನ್ನು ಎತ್ತಿ ನಿಂತವಳು ಅವಳೇ. ಆ ನಂಟಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕೊಮಾದ್ರೆ' ಎಂದೇ ಕರೆಯುತ್ತಿದ್ದರು.

"ಯಾರು, ನೀನಾ ಮಾತಾಡೋದು ಕೊಮಾದ್ರೆ? ನಿನ್ನ ದನಿ ನಿನ್ನ ಬೆಕ್ಕಿಗೇ ಕೇಳ್ಸಲ್ವಲ್ಲೇ!"

"ನೀನು ಪಕ್ಕದಲ್ಲಿ ನಿಂತ್ಕೋ. ನಿನ್ನ ದನಿ ನದಿ ಆಚೆಗೂ ಕೇಳ್ಸುತ್ತೆ."

ದುಃಖದ ಮನೆಯಲ್ಲೂ ಜನ ನಕ್ಕರು.

ಮೊದಲ ಸಲ ಕೌಂಟಿ ಸಭೆಯಲ್ಲಿ, ತಲಾ ಮೂರು ನಿಮಿಷ ಎಂದು ಹೇಳಿ ಅವಳ ಹೆಸರು ಕೂಗಿದಾಗ ದೆಲ್ಫೀನಾ ಎದ್ದು ಹೋಗಿ, "ನಮ್ಮ ಬೀದೀಲಿ ನೀರು ನಿಂತಿದೆ" ಎಂದಳು. ಅಷ್ಟಕ್ಕೇ ಅಳು ಬಂದು, ಹಿಂತಿರುಗಿ ಕೂತಳು. ಮುಂದಿನ ತಿಂಗಳು ಮತ್ತೆ ಹೋದಳು. ಆ ಸಲ ಎರಡು ಮಾತು ಹೆಚ್ಚಿಗೆ ಆಡಿದಳು. ಮೇಜಿನ ಹಿಂದೆ ಕೂತವರು ತಲೆಯಾಡಿಸಿ "ನೋಡೋಣ" ಎನ್ನುತ್ತಿದ್ದರು. ಹೀಗೇ ವರ್ಷಗಳು ಉರುಳಿದವು. ಓಟಿಲ್ಲದ ಬಡಾವಣೆಯ ಕೆಸರು ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದು ಅಷ್ಟರಲ್ಲಿ ಅವಳಿಗೆ ಅರ್ಥವಾಗಿತ್ತು. ಚುನಾವಣೆ ಹತ್ತಿರ ಬಂದಾಗ ಅವಳೂ ಒಫೀಲಿಯಾಳೂ ನಾಯಿಗಳಿಗೆಂದು ಕೈಯಲ್ಲಿ ಒಣ ಟೋರ್ಟಿಯಾ ರೊಟ್ಟಿಯ ತುಂಡು ಹಿಡಿದು ಮನೆಮನೆ ತಿರುಗಿದರು. ಮತಪಟ್ಟಿಯಲ್ಲಿ ಹೆಸರಿದ್ದವರನ್ನು ಓಟು ಹಾಕಿ ಎಂದು ಬೇಡಿದರು, ಪೌರತ್ವ ಸಿಗಬಹುದಾದವರಿಗೆ ಪರೀಕ್ಷೆಗೆ ಓದಿಸಿದರು.

ಹಾಗೆ ಓದಿದವರಲ್ಲಿ ಕೊನೆಯ ಮನೆಯ ಕ್ರೆಸೆನ್ಸಿಯೋ ಒಬ್ಬ. ಕಿತ್ತಳೆ ತೋಟಗಳಲ್ಲಿ ದುಡಿದು ಸವೆದ ಮುದುಕ, ಮಹಾ ಮೌನಿ. ಎಪ್ಪತ್ತು ದಾಟಿದ ಮೇಲೆ ಪ್ರಮಾಣವಚನ ತೆಗೆದುಕೊಂಡು ಬಂದು, ದೆಲ್ಫೀನಾಳ ಅಡುಗೆಮನೆಯ ಬಾಗಿಲಲ್ಲಿ ಹ್ಯಾಟು ತೆಗೆದು ನಿಂತು, "ಆಯ್ತು ತಾಯಿ" ಎಂದಷ್ಟೇ ಹೇಳಿ ಒಂದು ಬುಟ್ಟಿ ನಿಂಬೆ ಇಟ್ಟು ಹೋಗಿದ್ದ.

ಇತ್ತ ಮನೆ ಬೇರೆಯೇ ದಾರಿ ಹಿಡಿಯಿತು. ಸುಣ್ಣ ಮೆತ್ತಿದ ಕೈಯಲ್ಲಿ ಟೇಲೋ ಕೆಲಸದಿಂದ ಬಂದರೆ ಒಲೆಯ ಮೇಲೆ ತಣ್ಣಗಾದ ಬೀನ್ಸು, ಬಟ್ಟೆ ಮುಚ್ಚಿದ ಟೋರ್ಟಿಯಾ. ಹೆಂಡತಿ ಎಲ್ಲೋ ಸಭೆಯಲ್ಲಿ. ಅವನು ಕೂಗಾಡುವವನಲ್ಲ, ಕುಟುಕುವವನು.

"ದೆಲ್ಫೀನಾ, ಮನೇಲೂ ಒಂದು ಸಭೆ ಕರಿಯಮ್ಮ. ನನಗೂ ಒಂದಿಷ್ಟು ಅಹವಾಲಿದೆ."

"ಕೈ ಎತ್ತು, ಹೆಸರು ಹೇಳು. ಮೂರು ನಿಮಿಷ ಕೊಡ್ತೀನಿ."

"ಮೂರು ನಿಮಿಷ ಕೊಟ್ರೂ ಸಾಕು ಕಣೇ. ಈ ವಾರ ಅಷ್ಟೂ ಸಿಕ್ಕಿಲ್ಲ."

ಅವಳು ನಕ್ಕಳು, ಆಮೇಲೆ ಪಾತ್ರೆ ಉಜ್ಜುತ್ತಾ ನಗು ಆರಿತು.

ಯರೇಲಿಗೆ ಆಗ ಹದಿನಾರು. ಶಾಲೆಯ ಮರಿಯಾಚಿ ವಾದ್ಯತಂಡದಲ್ಲಿ ಗಿಟಾರೋನ್ ನುಡಿಸುತ್ತಿದ್ದಳು. ಹೊಟ್ಟೆ ದಪ್ಪಗಿರುವ, ಗುಡುಗಿನಂಥ ದನಿಯ ಆ ವಾದ್ಯ ಸಣಕಲು ಹುಡುಗಿಯನ್ನೇ ಮುಚ್ಚಿಹಾಕುತ್ತಿತ್ತು. ಎದುರಿಗೆ ಕಾಣುತ್ತಿದ್ದುದು ಮೇಲೆ ಒಂದು ಮುಖ, ಕೆಳಗೆ ಎರಡು ಬೂಟು. ಕ್ರಿಸ್‌ಮಸ್ ಸಂಗೀತ ಕಚೇರಿಗೆ ಬರುತ್ತೇನೆಂದ ತಾಯಿ ಬರಲಿಲ್ಲ. ಯಾವುದೋ ತುರ್ತು ಸಭೆ. ವಸಂತದ ಕಚೇರಿಗೂ ಅಷ್ಟೇ. ಯರೇಲಿ ಜಗಳವಾಡಲಿಲ್ಲ. ಮುಂದೆ ಕಚೇರಿಗಳಿವೆ ಎಂದು ಹೇಳುವುದನ್ನೇ ಬಿಟ್ಟಳು.

ದೆಲ್ಫೀನಾಳಿಗೆ ಅದು ತಿಳಿದದ್ದು ಊಟದ ಸಾಲಿನಲ್ಲಿ. ಪಿಟೀಲು ನುಡಿಸುವ ಹುಡುಗಿಯೊಬ್ಬಳು ತಟ್ಟೆ ಚಾಚುತ್ತಾ, "ಆಂಟಿ, ಶುಕ್ರವಾರ ಸ್ಪರ್ಧೆಗೆ ನೀವು ನಮ್ಮ ಬಸ್ಸಲ್ಲೇ ಬರ್ತೀರಾ, ಕಾರಲ್ಲಾ?" ಎಂದಳು.

"ಯಾವ ಸ್ಪರ್ಧೆ?"

ಹುಡುಗಿ ತುಟಿ ಕಚ್ಚಿಕೊಂಡು ಮುಂದೆ ಹೋದಳು. ದೆಲ್ಫೀನಾ ಸೌಟು ಹಿಡಿದು ಹಾಗೇ ನಿಂತಳು. ಹಿಂದಿನ ಮಗು "ಅನ್ನ" ಎಂದು ಎರಡು ಸಲ ಕೇಳಬೇಕಾಯಿತು.

ಆ ಶುಕ್ರವಾರ ಸಂಜೆಯೇ ಕೌಂಟಿಯವರು ಎಲ್ ಮೆಸ್ಕಿತಾಲ್‌ನ ಚರಂಡಿಗೆ ಹಣ ಕೊಡುವುದೋ ಬಿಡುವುದೋ ಎಂದು ತೀರ್ಮಾನಿಸುವ ಸಭೆ ಕರೆದಿದ್ದರು. ಇಷ್ಟು ವರ್ಷ ಕಾದದ್ದು ಅದಕ್ಕೇ.

ಸ್ಪರ್ಧೆಯ ಸುದ್ದಿ ಕೇಳಿದ ದಿನವೇ ಸಂಜೆ ಮಗಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ದೆಲ್ಫೀನಾ ಕ್ಲಿಪ್ಪು ಕೊಡುತ್ತಾ ಕೇಳಿದಳು: "ಶುಕ್ರವಾರದ್ದು ನನಗ್ಯಾಕೆ ಹೇಳ್ಲಿಲ್ಲ ಮಗಳೇ?"

"ಹೇಳಿದ್ರೆ ನೀನು ಬರ್ತೀನಿ ಅಂತೀಯ ಅಮ್ಮಾ. ಆಮೇಲೆ ನಾನು ಜನರ ಮಧ್ಯೆ ನಿನ್ನ ಹುಡುಕ್ತಾ ಇರ್ತೀನಿ, ತಾಳ ತಪ್ಪುತ್ತೆ. ಹೇಳ್ದೇ ಇದ್ರೆ ಸರಿಯಾಗಿ ನುಡಿಸ್ತೀನಿ."

ಮಾತಿನಲ್ಲಿ ಮುನಿಸಿರಲಿಲ್ಲ. ಅದನ್ನೇ ದೆಲ್ಫೀನಾಳಿಗೆ ತಡೆಯಲಾಗಲಿಲ್ಲ.

ಮಾರನೆಯ ದಿನ ಒಫೀಲಿಯಾಳ ಅಂಗಳದಲ್ಲಿ ಎಲ್ಲರೂ ಸೇರಿದಾಗ ದೆಲ್ಫೀನಾ, "ನಾನು ಶುಕ್ರವಾರ ಬರಲ್ಲ. ಮಗಳ ಸ್ಪರ್ಧೆ ಇದೆ" ಎಂದಳು.

ಒಫೀಲಿಯಾ ಹೌಹಾರಿದಳು. "ಏನಂದೆ? ಮೆರವಣಿಗೆ ಹೊರಟ ಮೇಲೆ ಮದುಮಗಳೇ ಬರಲ್ಲ ಅಂದ್ರೆ ಹೆಂಗೇ? ನಮ್ಮಲ್ಲಿ ಮಾತಾಡೋರು ಯಾರಿದಾರೆ?"

"ನೀನಿದೀಯಲ್ಲ."

"ನಾನು ಜಗಳ ಆಡ್ತೀನಿ. ಮಾತಾಡೋಳು ನೀನು. ಅವರ ಮುಂದೆ ನಾನು ಬಾಯ್ಬಿಟ್ರೆ ಬರೋ ದುಡ್ಡೂ ವಾಪಸ್ ಹೋಗುತ್ತೆ!"

ಸರಿ, ಸಭೆಗೇ ಬರುತ್ತೇನೆ ಎಂಬ ಮಾತು ದೆಲ್ಫೀನಾಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನಿಂಬೆ ಗಿಡದ ಬುಡದಲ್ಲಿ ಕುರ್ಚಿ ಹಾಕಿಕೊಂಡಿದ್ದ ಕ್ರೆಸೆನ್ಸಿಯೋ ಕೆಮ್ಮಿದ.

"ಅವಳು ಹೋಗ್ಲಿ ಬಿಡಿ. ಹುಡುಗಿ ಒಂದೇ ಸಲ ಬೆಳೀತಾಳೆ. ನನ್ನ ಹೆಸರು ಕೊಡಿ, ನಾನು ಮಾತಾಡ್ತೀನಿ."

ಎಲ್ಲರ ತಲೆಯೂ ಅವನತ್ತ ತಿರುಗಿತು. ಒಫೀಲಿಯಾ, "ದೋನ್ ಕ್ರೆಸೆನ್ಸಿಯೋ, ನೀವು ಮಾತಾಡಿದ್ದನ್ನ ನಾನು ಕಂಡಿರೋದು ನಿಮ್ಮ ಕುದುರೆ ಸತ್ತಾಗ ಮಾತ್ರ" ಎಂದಳು.

"ಅದು ಒಳ್ಳೇ ಕುದುರೆ" ಎಂದ ಮುದುಕ.

ಶುಕ್ರವಾರ ಟೇಲೋ ಮಧ್ಯಾಹ್ನವೇ ಕೆಲಸ ಬಿಟ್ಟು ಬಂದು, ಮದುವೆಗೆ ಹೋಗುವವನಂತೆ ಅಂಗಿ ಇಸ್ತ್ರಿ ಮಾಡಿ ತೊಟ್ಟ. ಕಾರಿನಲ್ಲಿ ದೆಲ್ಫೀನಾಳ ಫೋನನ್ನು ಆರಿಸಿ ತನ್ನ ಕಿಸೆಗೆ ಹಾಕಿಕೊಂಡ. ಸ್ಪರ್ಧೆ ನಡೆಯುವ ದೊಡ್ಡ ಊರಿನ ಸಭಾಂಗಣದಲ್ಲಿ ಅವಳಿಗೆ ಮೊದಮೊದಲು ಕೂತಲ್ಲಿ ಕೂರಲಾಗಲಿಲ್ಲ. ಈಗ ಅಲ್ಲಿ ಹೆಸರು ಕೂಗಿರಬಹುದು, ಮುದುಕ ಮೈಕಿನ ಮುಂದೆ ಕಲ್ಲಾಗಿ ನಿಂತಿರಬಹುದು, ಒಫೀಲಿಯಾ ಯಾರ ಮೇಲೋ ಹರಿಹಾಯ್ದಿರಬಹುದು. ಟೇಲೋ ಅವಳ ಮೊಣಕೈ ತಿವಿದ. "ಇಲ್ಲೇ ಇರೇ."

ಯರೇಲಿಯ ತಂಡ ಬಂತು. ಬೆಳ್ಳಿ ಗುಂಡಿಗಳ ಕಪ್ಪು ಉಡುಪು, ಕೂದಲಿಗೆ ಕೆಂಪು ಹೂ. ಮಗಳು ಜನರತ್ತ ನೋಡಲೇ ಇಲ್ಲ. ತಂತಿಗಳ ಮೇಲೆ ಕಣ್ಣಿಟ್ಟು ಶುರು ಮಾಡಿದಳು. ಅವಳ ದಪ್ಪ ತಂತಿಯ ಗುಂಯ್‌ಗುಡುವ ನಾದ ಕೆಳಗಿನಿಂದ ಎತ್ತಿ ಹಿಡಿದಂತೆ ಇಡೀ ಹಾಡು ನಿಂತಿತು. ಪಿಟೀಲುಗಳೂ ತುತ್ತೂರಿಗಳೂ ಅದರ ಬೆನ್ನೇರಿ ಕುಣಿದವು. ತನ್ನ ಮಗಳು ಇಷ್ಟು ಬಲ್ಲಳು ಎಂಬುದು ದೆಲ್ಫೀನಾಳಿಗೆ ಗೊತ್ತೇ ಇರಲಿಲ್ಲ. ಟೇಲೋ ತನ್ನ ಜಾಗದಿಂದಲೇ ನಮ್ಮವರು ಹಾಡಿಗೆ ಹಾಕುವ ಉದ್ದನೆಯ ಕೇಕೆ ಹಾಕಿದ. ಆ ದನಿಗೆ ತಲೆ ಎತ್ತಿದ ಯರೇಲಿಗೆ ಅಪ್ಪನ ಪಕ್ಕದಲ್ಲಿ ಅಮ್ಮ ಕಂಡಳು. ತಾಳ ತಪ್ಪಲಿಲ್ಲ. ಮುಖ ಮಾತ್ರ ಅರಳಿತು.

ಬಹುಮಾನ ಬೇರೆ ಶಾಲೆಯ ಪಾಲಾಯಿತು. ಹೊರಗೆ ಯರೇಲಿ ಗಿಟಾರೋನನ್ನು ಅಪ್ಪನ ಕೈಗೆ ಕೊಟ್ಟು, ತಾಯಿಯ ಹೆಗಲಿಗೆ ಹಣೆ ಹಚ್ಚಿ ಒಂದಿಷ್ಟು ಹೊತ್ತು ನಿಂತಳು. "ನಿನ್ನ ಸಭೆ ಇವತ್ತೇ ಅಲ್ವಾ ಅಮ್ಮಾ? ಅಪ್ಪ ಹೇಳ್ದ."

"ಇತ್ತು. ಬೇರೆಯೋರು ಹೋಗಿದಾರೆ."

"ಏನಾಯ್ತಂತೆ?"

ದೆಲ್ಫೀನಾಳಿಗೆ ಫೋನು ನೆನಪಾದದ್ದು ಆಗಲೇ. ಟೇಲೋ ಫೋನು ಆನ್ ಮಾಡಿ ಕೊಟ್ಟ. ಒಫೀಲಿಯಾ ಕಳಿಸಿದ್ದ ದನಿ ಕಾರು ನಿಲ್ಲಿಸುವ ಬಯಲಿಗೆಲ್ಲ ಕೇಳಿಸಿತು.

"ಕೊಮಾದ್ರೆ, ಎಲ್ಲಿ ಸತ್ತಿದೀಯೇ, ಫೋನ್ ಎತ್ತೇ! ಕೊಟ್ರು ಕಣೇ! ದೊಡ್ಡ ಕಾಲುವೆಗೂ ಪಂಪಿಗೂ ದುಡ್ಡು ಕೊಟ್ರು! ಅಡ್ಡಬೀದಿಗಳದ್ದು ಮುಂದಿನ ವರ್ಷ ಅಂದ್ರು. ಅದನ್ನೂ ಬಿಡಲ್ಲ ನಾನು. ಆ ಮುದುಕ ಏನು ಮಾಡ್ದ ಗೊತ್ತಾ..."

ಮುದುಕ ಮಾಡಿದ್ದು ಇಷ್ಟು. ಹ್ಯಾಟು ಎದೆಗೊತ್ತಿಕೊಂಡು ಮೈಕಿನ ಮುಂದೆ ನಿಂತ. ಉರು ಹೊಡೆದದ್ದೆಲ್ಲ ಮರೆತುಹೋಯಿತು. ಕೊನೆಗೆ ತನ್ನ ಭಾಷೆಯಲ್ಲೇ ಹೇಳಿದ: "ಯಾವಾಗ್ಲೂ ಇಲ್ಲಿ ಬರೋಳು ದೆಲ್ಫೀನಾ. ಇವತ್ತು ಅವಳ ಮಗಳು ವಾದ್ಯ ನುಡಿಸ್ತಾಳೆ, ಅದಕ್ಕೆ ಹೋಗಿದಾಳೆ, ಕ್ಷಮಿಸಿ. ನನಗೆ ಮಾತು ಬರಲ್ಲ. ನಮ್ಮ ಬೀದಿ ನೀರಿಗೋಸ್ಕರ ಆ ಮನೇಲಿ ವರ್ಷಗಟ್ಲೆ ತಣ್ಣಗಿನ ಊಟ ಮಾಡ್ತಿದಾರೆ. ಅವಳ ಗಂಡ ಒಳ್ಳೆಯೋನು, ಏನೂ ಅನ್ನಲ್ಲ. ಸ್ವಾಮಿ, ನೀವು ಬೇಗ ಈ ಕೆಲಸ ಮುಗಿಸಿಕೊಟ್ರೆ ಆ ಹೆಂಗಸು ಮನೇಗ್ ಹೋಗ್ತಾಳೆ."

ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ನಮ್ಮವರೆಲ್ಲ ನಗುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದರು. ಮೇಜಿನ ಹಿಂದಿನವರೂ ನಕ್ಕರು. ಒಬ್ಬಾತ ಕನ್ನಡಕ ತೆಗೆದು ಒರೆಸಿ, ಮತಕ್ಕೆ ಹಾಕೋಣ ಎಂದ. ಕಿಕ್ಕಿರಿದು ನಿಂತ ಎಲ್ ಮೆಸ್ಕಿತಾಲ್‌ನ ಜನರೆಲ್ಲ ಈಗ ಓಟುದಾರರು ಎಂಬುದೂ ಅವರಿಗೆ ಗೊತ್ತಿತ್ತು.

ಕೇಳಿ ಮುಗಿಸಿದ ದೆಲ್ಫೀನಾ ಕಾರಿನ ಬಾಗಿಲಿಗೊರಗಿ ಅತ್ತಳು. ಟೇಲೋ ಮುಖ ಊದಿಸಿ, "ಕೌಂಟಿಯೋರಿಗೆಲ್ಲ ನನ್ನ ಮನೆ ಅಡುಗೆ ವಿಷಯ ಗೊತ್ತಾಯ್ತಲ್ಲ, ಮರ್ಯಾದೆ ಹೋಯ್ತು" ಎಂದ. ಆಮೇಲೆ ಅವನೂ ಕಣ್ಣೊರೆಸಿಕೊಂಡ.

ಮರುದಿನ ಬೆಳಿಗ್ಗೆ ಅವಳು ಕ್ರೆಸೆನ್ಸಿಯೋನ ಮನೆಗೆ ಶಾವಿಗೆ ಸಾರು ಒಯ್ದು, ಅವನ ಒರಟು ಕೈ ಹಿಡಿದುಕೊಂಡಳು. ಮುದುಕ, "ಬಿಸಿಯಾಗಿದೆಯಾ?" ಎಂದು ಪಾತ್ರೆಯ ಮುಚ್ಚಳ ತೆಗೆದು ನೋಡಿದ.

ಕಾಲುವೆ ತೋಡಿ ಮುಗಿಸಲು ಬಹಳ ಕಾಲ ಹಿಡಿಯಿತು. ಅಡ್ಡಬೀದಿಗಳಲ್ಲಿ ಇಂದಿಗೂ ಸ್ವಲ್ಪ ನೀರು ನಿಲ್ಲುತ್ತದೆ; ಒಫೀಲಿಯಾ ಅದರ ಬೆನ್ನು ಹತ್ತಿದ್ದಾಳೆ. ಈಗ ಸಭೆಗೆ ಸರದಿಯ ಮೇಲೆ ಹೋಗುತ್ತಾರೆ. ಕೌಂಟಿ ಚುನಾವಣೆಗೆ ನಿಲ್ಲು ಎಂದು ಕೆಲವರು ದೆಲ್ಫೀನಾಳನ್ನು ಒತ್ತಾಯಿಸಿದರು. "ಯರೇಲಿ ಓದು ಮುಗಿಸ್ಲಿ, ಆಮೇಲೆ ಕೇಳಿ" ಎಂದಳು. ಇಲ್ಲ ಎನ್ನಲಿಲ್ಲ, ಗಮನಿಸಿ.

ಅವಳ ಸರದಿಯಿಲ್ಲದ ಮೊದಲ ಸಭೆಯ ಸಂಜೆ ದೆಲ್ಫೀನಾಳಿಗೆ ಕೈಗಳನ್ನು ಎಲ್ಲಿಡುವುದೆಂದೇ ತೋಚಲಿಲ್ಲ. ಟೇಲೋ ಅವಳನ್ನು ಎಬ್ಬಿಸಿಕೊಂಡು ಹೆದ್ದಾರಿ ಪಕ್ಕದ ತಳ್ಳುಗಾಡಿಗೆ ಹೋಗಿ, ಹುಣಸೆ ರಸ ಹುಯ್ದ ಐಸ್ ಪುಡಿ ಎರಡು ಲೋಟ ತಂದ. ಇಬ್ಬರೂ ಟೇಲೋನ ಕೆಲಸದ ಟ್ರಕ್ಕಿನ ಹಿಂಬದಿಯ ಹಲಗೆ ಇಳಿಸಿ ಕಾಲು ಇಳಿಬಿಟ್ಟು ಕೂತರು.

"ಏನು ಯೋಚ್ನೆ ಮಾಡ್ತಿದೀಯ?" ಎಂದ.

"ದೇವರು ನಮಗೆ ಒಳ್ಳೇ ನೆರೆಹೊರೆ ಕೊಟ್ಟ ಅಂತ."

"ಒಳ್ಳೇ ಗಂಡ?"

"ಅದನ್ನ ಮುಂದಿನ ಸಭೇಲಿ ತೀರ್ಮಾನ ಮಾಡ್ತೀವಿ" ಎಂದು ಅವಳು ಅವನ ಲೋಟದಿಂದ ಒಂದು ಚಮಚ ಐಸು ತೆಗೆದುಕೊಂಡಳು.