ಏಣಿಯ ಬಲಭುಜ

ಅವನಿಗೆ ಏಣಿ ಅಂತ ಹೆಸರಿಟ್ಟವರು ವರ್ಕ್‌ಶಾಪಿನವರೇ. ಜೀಪಿನ ಮೇಲಿನ ಕ್ಯಾರಿಯರ್‌ಗೆ ಕೈ ಹಾಕಲು ಉಳಿದವರಿಗೆಲ್ಲ ಸ್ಟೂಲು ಬೇಕು, ಅವನಿಗೆ ಬೇಡ. ಮೂವತ್ತು ವರ್ಷ ನಿಂತ ನೆಲದಿಂದಲೇ ಕೈ ಚಾಚಿ ಲ್ಯಾಂಪು, ಡಬ್ಬ, ಗುಡಾರ ಎಲ್ಲವನ್ನೂ ಕೂರಿಸಿದ. ಈಗ ಎರಡು ವರ್ಷದಿಂದ ಬಲಗೈ ಭುಜಕ್ಕಿಂತ ಮೇಲೇರುವುದಿಲ್ಲ. ಬೆಳಿಗ್ಗೆ ಅಂಗಿಯ ತೋಳು ಏರಿಸುವವಳು ಹೆಂಡತಿ. ವರ್ಕ್‌ಶಾಪಿನ ಮಾಲೀಕ ಅವಳ ಒಡಹುಟ್ಟಿದ ತಮ್ಮ. ಅವನೆದುರು ಬಾಯಿ ಬಿಡಕೂಡದೆಂದು ಏಣಿ ಅವಳಿಂದ ಆಣೆ ಹಾಕಿಸಿಕೊಂಡಿದ್ದ.

ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಸೊಂಟ ಹಿಡಿದ ವೆಲ್ಡರನಿಗೆ ಭಾವಮೈದುನ ಸ್ಟೂಲು ಹಾಕಿ ಕೌಂಟರಿನಲ್ಲಿ ಕೂರಿಸಿದ್ದ. ತಿಂಗಳು ಕಳೆಯುವುದರೊಳಗೆ "ಮನೇಲೇ ಆರಾಮಾಗಿರಿ" ಅಂದಿದ್ದ. ಕೆಟ್ಟವನೇನಲ್ಲ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದ್ದ. ಅಂದಿನಿಂದ ಏಣಿ ಭಾರ ಎತ್ತುವ ಕೆಲಸವನ್ನೆಲ್ಲ ಉಳಿದವರು ಊಟಕ್ಕೆ ಹೋಗುವ ಹೊತ್ತಿಗೆ ಇಟ್ಟುಕೊಂಡ. "ಗಲಾಟೆ ಇರಲ್ಲ, ಕೆಲಸ ನೆಟ್ಟಗಾಗುತ್ತೆ" ಅನ್ನುತ್ತಿದ್ದ. ಬಾಗಿಲು ಎಳೆದುಕೊಂಡು ಒಳಗೆ ಏನು ಮಾಡುತ್ತಾನೆಂದು ಯಾರೂ ಇಣುಕಲಿಲ್ಲ. ತಣ್ಣಗಾದ ಊಟ ತಿಂದು ತಿಂದು ಅವನಿಗೆ ರುಚಿಯೇ ಮರೆತುಹೋಗಿತ್ತು.

ಅಂದು ಬಂದವರು ದನದ ಡಾಕ್ಟರಮ್ಮ. ಅವರ ಜೀಪಿಗೆ ಆನಿಂಗ್ ಬೇಕಿತ್ತು. ಉದ್ದನೆ ಚೀಲದಲ್ಲಿ ಸುತ್ತಿಕೊಂಡು ಕ್ಯಾರಿಯರ್‌ನ ಪಕ್ಕದಲ್ಲಿ ಕೂರುವ, ಎಳೆದರೆ ಚಪ್ಪರದಂತೆ ಬಿಚ್ಚಿಕೊಳ್ಳುವ ನೆರಳು.

"ಇದನ್ನ ತಗೊಳ್ಳಿ ಮೇಡಂ," ಭಾವಮೈದುನ ಪುಸ್ತಕದಲ್ಲಿ ದೊಡ್ಡ ಚಿತ್ರ ತೋರಿಸಿದ. "ಬೀಸಣಿಗೆ ಥರ ಬಿಚ್ಕೊಳ್ಳುತ್ತೆ. ಪಕ್ಕಕ್ಕೂ ನೆರಳು, ಹಿಂದಕ್ಕೂ ನೆರಳು."

ಏಣಿ ಕೇಳಿದ್ದು ಒಂದೇ ಮಾತು. "ಇದನ್ನ ಹಾಕಿ ತೆಗೆಯೋರು ಯಾರು?"

"ನಾನೇ. ಒಬ್ಬಳೇ ಹೋಗೋದು. ಕಾಡುದಾರೀಲಿ ಕೊಂಬೆ ತಗಲುತ್ತೆ, ಕೆಳಗಿಳಿಸಿ ಒಳಗಿಟ್ಕೋಬೇಕು. ಮೇಲೆ ಬಯಲಿಗೆ ಹೋದ್ಮೇಲೆ ಮತ್ತೆ ಹಾಕ್ಬೇಕು. ಸುಡುಬಿಸಿಲಲ್ಲಿ ಕರುಗೆ ಹೊಲಿಗೆ ಹಾಕೋಕಾಗಲ್ಲ."

"ಹಾಗಾದ್ರೆ ದೊಡ್ಡದು ಬೇಡ, ಅದು ಎರಡಾಳಿನ ಭಾರ. ಒಂದೇ ಪಕ್ಕಕ್ಕೆ ಬಿಚ್ಚೋ ಈ ನೇರದ್ದು ಸಾಕು, ಹದಿನಾಲ್ಕು ಕೆಜಿ."

"ಕೂತ ಕೊಂಬೇನೇ ಕಡೀತೀರಲ್ಲ ಭಾವ!" ಭಾವಮೈದುನ ನಕ್ಕ. ನಗು ಕಣ್ಣಿನವರೆಗೆ ಬರಲಿಲ್ಲ.

ಏಣಿ ಜೀಪಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು ಅಳತೆ ತೆಗೆದ. ಬಾಗಿಲು ಮುಚ್ಚಿ ಅಳೆದವನು ಆಮೇಲೆ ಆನಿಂಗಿಗೆ ಬಡಿಯುವ ಬಾಗಿಲಿನ ಜೊತೆ ಜನ್ಮಪೂರ್ತಿ ಜಗಳವಾಡಬೇಕು. ಕ್ಯಾರಿಯರ್‌ನ ಹಿಂದೊಂದು ಮುಂದೊಂದು ಬ್ರಾಕೆಟ್ಟು, ಎರಡಕ್ಕೂ ಪಿನ್ನು. ಎಡಗೈಯಲ್ಲೇ ಬಿಗಿದ. ಆನಿಂಗಿನ ಚೀಲ ಎತ್ತುವುದನ್ನು ಊಟದ ಹೊತ್ತಿಗೆ ಉಳಿಸಿಕೊಂಡ.

ಊಟದ ಹೊತ್ತಾಯಿತು, ಡಾಕ್ಟರಮ್ಮ ಜಾಗ ಬಿಟ್ಟು ಕದಲಲಿಲ್ಲ. "ನಾನು ಹಾಕಿ ನೋಡಿದ್ಮೇಲೇ ತಗೊಂಡು ಹೋಗೋದು" ಅಂದರು. ಭಾವಮೈದುನನೂ ಊಟದ ಡಬ್ಬಿ ಹಿಡಿದು ಅಲ್ಲೇ ನಿಂತ. ಡಾಕ್ಟರಮ್ಮ ಅಂಗಿಯ ತೋಳು ಮಡಚಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹೊಲಿಗೆಯ ಗುರುತು. ಹಸು ಒದ್ದದ್ದಂತೆ, ಒಳಗೆ ರಾಡು ಇದೆಯಂತೆ. ಅವರು ಎತ್ತಿದ ಚೀಲ ಎದೆಮಟ್ಟಕ್ಕೆ ಬಂದು ನಿಂತಿತು. ಹಾಗೇ ಕೆಳಗಿಳಿಸಿದರು.

"ಆಗಲ್ಲ ಬಿಡಿ," ಅಂದರು. "ಇನ್ನು ನಂಗೆ ಆಫೀಸಿನ ಕುರ್ಚೀನೇ ಗತಿ. ಇಲಾಖೆಯವರೂ ಅದನ್ನೇ ಹೇಳ್ತಿದಾರೆ."

"ಸುಲಭ ಮೇಡಂ! ಭಾವ, ತೋರ್ಸಿ. ಒಂದೇ ಎತ್ತು."

ಏಣಿ ಚೀಲದ ತುದಿ ಹಿಡಿದು ಬಿಟ್ಟ. ಹಸಿವು, ತಲೆಭಾರ ಅಂತ ಒಂದು ನೆಪ ಹೇಳಿದರೆ ಸಾಕು. ಆಕೆ ಹೋಗುತ್ತಾರೆ, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಆದರೆ ಆಕೆ ಯಾರಿಗೂ ಕಾಣದ ಹಾಗೆ ತಿರುಗಿ ನಿಂತು ಮೊಣಕೈ ಉಜ್ಜಿಕೊಳ್ಳುತ್ತಿದ್ದರು. ಹಾಗೆ ಉಜ್ಜುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ.

ಸಾಮಾನಿನ ಚೀಲದ ತಳದಿಂದ ಹೊರೆ ಬಿಗಿಯುವ ಒಂದು ಪಟ್ಟಿಯನ್ನೂ ಬಾಗಿಸಿದ ಕಬ್ಬಿಣದ ಕೊಂಡಿಯನ್ನೂ ತೆಗೆದ. ಕೊಂಡಿಯನ್ನು ಹಿಂದಿನ ಬ್ರಾಕೆಟ್ಟಿಗೆ ನೇತುಹಾಕಿ, ಆನಿಂಗಿನ ಒಂದು ತುದಿಯನ್ನು ಮಾತ್ರ ಅದರೊಳಗೆ ಕೂರಿಸಿದ. ಇನ್ನೊಂದು ತುದಿಗೆ ಪಟ್ಟಿ ಕಟ್ಟಿ, ಅದನ್ನು ಕ್ಯಾರಿಯರ್‌ನ ಸರಳಿನ ಮೇಲಿಂದ ಹಾಯಿಸಿದ.

"ಮೇಲೆ ಎತ್ತೋದಲ್ಲಮ್ಮ. ಕೆಳಕ್ಕೆ ಜಗ್ಗಿ. ಕೈ ಅಲ್ಲ, ಮೈ ಭಾರ ಬಿಡಿ."

ಎಡಗೈಗೆ ಪಟ್ಟಿ ಸುತ್ತಿ ಮಂಡಿ ಮಡಚಿದ. ಆನಿಂಗು ತಾನಾಗಿ ಮೇಲೇರಿತು. ಪಟ್ಟಿಯನ್ನು ತೊಡೆಗೆ ಒತ್ತಿ ಹಿಡಿದು ಮುಂದಿನ ಪಿನ್ನು ತಳ್ಳಿದ, ಆಮೇಲೆ ಹಿಂದಿನದನ್ನು. ಬಲಗೈ ಪಕ್ಕದಲ್ಲಿ ಸುಮ್ಮನೆ ಜೋತುಬಿದ್ದಿತ್ತು.

ಭಾವಮೈದುನ ಡಬ್ಬಿ ಕೆಳಗಿಟ್ಟು ಪಟ್ಟಿಯ ತುದಿ ಹಿಡಿದು ನೋಡಿದ. ಗ್ರೀಸು ಕುಡಿದು ಕಪ್ಪಾಗಿ, ಅಂಚೆಲ್ಲ ಸವೆದಿತ್ತು.

"ಎಷ್ಟು ದಿನದಿಂದ ಭಾವ?"

"ಎರಡು ವರ್ಷ."

"ಅಕ್ಕಂಗೆ ಗೊತ್ತಾ?"

"ದಿನಾ ಅಂಗಿ ತೊಡಿಸೋಳು ಅವಳೇ."

ಭಾವಮೈದುನ ಒಳಗೆ ಹೋಗಿ ಸ್ಟೂಲು ತಂದು ಅವನ ಹಿಂದೆ ಇಟ್ಟ. "ಕೂತ್ಕೊಳ್ಳಿ" ಅಂದ. ವೆಲ್ಡರನಿಗೆ ಹಾಕಿದ ಅದೇ ಸ್ಟೂಲು. ಎರಡು ವರ್ಷ ಏಣಿ ನಿದ್ದೆಗೆಟ್ಟದ್ದು ಈ ಮಾತಿಗೆ ಹೆದರಿಯೇ. ಬರಬೇಕಿದ್ದದ್ದು ಅಳು. ಬಂದದ್ದು ಆಕಳಿಕೆ, ದವಡೆ ನೋಯುವಷ್ಟು ದೊಡ್ಡದು. ಸ್ಟೂಲಿನ ಮೇಲೆ ಕೂತ.

ಡಾಕ್ಟರಮ್ಮ ಆನಿಂಗು ಇಳಿಸಿ, ಕೊಂಡಿಗೆ ಸಿಕ್ಕಿಸಿ, ಒಬ್ಬರೇ ಜಗ್ಗಿ ಮೇಲೇರಿಸಿದರು. ಪಿನ್ನು ಬಿದ್ದ ಸದ್ದಿಗೆ ಗಟ್ಟಿಯಾಗಿ ನಕ್ಕು, "ಇನ್ನೊಂದ್ಸಲ ಹಾಕ್ಲಾ?" ಅಂತ ಕೇಳಿದರು.

"ಹಾಕಿ," ಅಂದ ಏಣಿ. ಎಲ್ಲರೆದುರೇ ಎಡಗೈಯನ್ನು ಬಲಭುಜದ ಮೇಲಿಟ್ಟು ಮೆಲ್ಲಗೆ ಒತ್ತಿಕೊಂಡ.