ಸಫಿಯಮ್ಮನ ಒಂದು ಕಟ್ಟು ಜೇನು

ಸಫಿಯಮ್ಮನಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಅವರು ಸೌದಿಯ ಖಮೀಸ್ ಮುಶೈತ್‌ನ ನಮ್ಮ ಕಟ್ಟಡಕ್ಕೆ ಬಂದಿಳಿದ ಮರುದಿನವೇ ನನಗೆ ಅದು ಗೊತ್ತಾಯಿತು. ನಾನು ಆಸ್ಪತ್ರೆಯಲ್ಲಿ ನರ್ಸ್, ಕೆಳಗಿನ ಮನೆಯವಳು. ಮೇಲಿನ ಮನೆ ಅವರ ಮಗ ಅಬ್ದುಲ್ ಬಾಸಿತ್‌ನದು. ಡ್ಯೂಟಿ ಮುಗಿಸಿ ಮಾತಾಡಿಸಲು ಹೋದರೆ, ಸೋಫಾದ ಮೇಲೆ ಕಾಲು ಮಡಚಿ ಕೂತು, ಟಿಶ್ಯೂ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಒಂದೊಂದೇ ಟಿಶ್ಯೂವನ್ನು ಸುರುಳಿ ಸುತ್ತಿ ಸಾಲಾಗಿ ಜೋಡಿಸುತ್ತಿದ್ದರು. ಫರಂಗಿಪೇಟೆಯಲ್ಲಿ ನಲವತ್ತು ವರ್ಷ ಬೀಡಿ ಕಟ್ಟಿದ ಕೈ. ಈಗ ಊರಿನಲ್ಲಿ ಹಿರಿಮಗಳ ಮನೆಯಲ್ಲಿ ಆರಾಮಾಗಿದ್ದಾರೆ, ಬೀಡಿ ಬಿಟ್ಟು ಎರಡು ವರ್ಷವಾಯಿತು. ಬಿಟ್ಟದ್ದು ಅವರು, ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ.

"ಇಲ್ಲಿ ಎಂತ ಕೆಲಸ ಉಂಟು ಮಾರಾಯ್ತಿ? ನೆಲ ಒರೆಸಲಿಕ್ಕೂ ಮಿಷನ್," ಎಂದು ನನ್ನ ಮೇಲೆಯೇ ರೇಗಿದರು, ಆ ಮಿಷನ್ನನ್ನು ನಾನೇ ತಂದಿಟ್ಟವಳ ಹಾಗೆ.

ಅವರು ಬಂದದ್ದು ಕೆಲಸಕ್ಕಲ್ಲ, ಮೊಮ್ಮಗಳು ಶಹಲಾಳಿಗಾಗಿ. ಐದು ವರ್ಷದ ಹುಡುಗಿ. ಅಲ್ಲಿಯವರೆಗೆ ಅವಳನ್ನು ನೋಡಿದ್ದು ಫೋನಿನಲ್ಲಿ ಮಾತ್ರ. ಅವಳದ್ದೋ ಇಂಗ್ಲಿಷ್ ಶಾಲೆ, ಇಂಗ್ಲಿಷ್ ಬಾಯಿ. ಮೊದಲ ವಾರವೇ ಸಫಿಯಮ್ಮ ಬಾಚಣಿಗೆ ಹಿಡಿದು ಅವಳನ್ನು ಮುಂದೆ ಕೂರಿಸಿಕೊಂಡು, ಬೀಡಿ ಕಟ್ಟುವ ವೇಗದಲ್ಲೇ ಜಡೆ ಹಾಕಲು ಹೊರಟರು. ಎಲೆ ಕತ್ತರಿಸಿ ಮಡಚಿ ಒರಟಾದ ಬೆರಳು ಕಿವಿಯ ಬಳಿ ತಾಗಿತು. ಹುಡುಗಿ ಎದ್ದು ಓಡಿ ಬಾಗಿಲ ಹಿಂದೆ ನಿಂತಳು.

"ಹರ್ ಹ್ಯಾಂಡ್ಸ್ ಆರ್ ಸ್ಕ್ರ್ಯಾಚಿ," ಎಂದು ಅಪ್ಪನಿಗೆ ದೂರು ಕೊಟ್ಟಳು.

"ಅವಳಿಗೆ ನಿದ್ದೆ ಬರ್ತದಂತೆ ಉಮ್ಮಾ," ಎಂದ ಬಾಸಿತ್. ಬೆಳಗಿನ ಹತ್ತು ಗಂಟೆಗೆ ನಿದ್ದೆಯಂತೆ. ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ಸಫಿಯಮ್ಮನಿಗೆ ಇಂಗ್ಲಿಷ್ ಬರದಿದ್ದರೂ ವಿಷಯ ಅರ್ಥವಾಗಿತ್ತು. ಅಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡು ಶಾಲಿನೊಳಗೆ ಇಟ್ಟುಕೊಂಡರು.

ಅಂದಿನಿಂದ ಎರಡು ಹೊತ್ತು ಕೈಗೆ ತೆಂಗಿನೆಣ್ಣೆ, ನಡುನಡುವೆ ನನ್ನಿಂದ ಇಸಿದುಕೊಂಡ ಮುಲಾಮು. ಎಣ್ಣೆ ಮುಗಿಯಿತು, ಕೈ ಹಾಗೆಯೇ ಉಳಿಯಿತು. ಸೊಸೆ ರುಕಯ್ಯಾ ಮಗಳ ತಲೆ ಬಾಚುವಾಗ ಇವರು ದೂರದಲ್ಲಿ ಕೂತು ನೋಡುತ್ತಿದ್ದರು. ಎಷ್ಟೇ ತಮಾಷೆ ಮಾಡುವವಳಾದರೂ ಅದನ್ನು ನೋಡಿದಾಗ ನನಗೆ ಸಂಕಟವಾಗುತ್ತಿತ್ತು.

ಸಫಿಯಮ್ಮ ಊರಿಗೆ ಹೊರಡಲು ಇನ್ನು ಮೂರೂವರೆ ವಾರ ಇದೆ ಎನ್ನುವಾಗ ಶಾಲೆಯಿಂದ ಮೆಸೇಜ್ ಬಂತು. ಎರಡು ವಾರದೊಳಗೆ ಪ್ರತಿಯೊಂದು ಮಗುವೂ ಕೈಯಲ್ಲಿ ಮಾಡಿದ ಒಂದು ಕೀಟದ ಗೊಂಬೆ ತರಬೇಕು. ಶಹಲಾಳ ಪಾಲಿಗೆ ಜೇನುಹುಳ. ಕ್ರೋಶಾ ಹಾಕುವವಳು ಈ ಕಟ್ಟಡದಲ್ಲಿ ನಾನೊಬ್ಬಳೇ. ರುಕಯ್ಯಾ ಹಳದಿ, ಕಪ್ಪು ಉಲ್ಲನ್ ಹಿಡಿದು ನನ್ನ ಬಾಗಿಲಿಗೆ ಬಂದಳು. ಅವಳ ಬೆನ್ನಿಗೇ ಸಫಿಯಮ್ಮ.

"ನೀನು ನಿನ್ನ ಡ್ಯೂಟಿ ಮಾಡು ಗೌತಮಿ. ನನಗೆ ಕಲಿಸು, ಸಾಕು."

ಎರಡೇ ದಿನದಲ್ಲಿ ಕಲಿತರು, ಅದೂ ನನಗೇ ಬುದ್ಧಿ ಹೇಳುತ್ತಾ. ನನ್ನ ಹೆಣಿಗೆ ಸಡಿಲವಂತೆ. ಕಟ್ಟಿದ ಬೀಡಿಯನ್ನು ಪರೀಕ್ಷಿಸಿ ತೆಗೆದುಕೊಳ್ಳುವ ಬ್ರಾಂಚಿನ ಚೆಕ್ಕರ್ ಆಗಿದ್ದರೆ ಮುಖಕ್ಕೆ ಎಸೆಯುತ್ತಿದ್ದನಂತೆ. ನಲವತ್ತು ವರ್ಷ ಆ ಚೆಕ್ಕರ್‌ಗೆ ಹೆದರಿ ಬದುಕಿದವರಿಗೆ ಈಗ ತಾವೇ ಚೆಕ್ಕರ್ ಆಗಲು ನಾನು ಸಿಕ್ಕಿದೆ. ಆದರೆ ಅವರು ಮಾಡಿ ತಂದ ಜೇನುಹುಳ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಒಂದು ತುದಿ ದಪ್ಪ, ಇನ್ನೊಂದು ಸಪೂರ. ಹತ್ತಿ ತುಂಬಿ, ದಪ್ಪ ತುದಿಯ ಅಂಚನ್ನು ಹೆಬ್ಬೆರಳಿನಿಂದ ಒಳಕ್ಕೆ ಮಡಚಿ ಒತ್ತಿ, ಬಾಲದ ಹತ್ತಿರ ಕೆಂಪು ನೂಲು ಸುತ್ತಿ ಬಿಗಿದಿದ್ದರು. ಬೀಡಿಗೇ ಎರಡು ರೆಕ್ಕೆ, ಎರಡು ಕಣ್ಣು ಇಟ್ಟಂತಿತ್ತು.

"ಸಫಿಯಮ್ಮ, ಇದು ಹಾರುವ ಜಾತಿ ಅಲ್ಲ. ಕಡ್ಡಿ ಗೀರಿದರೆ ಹೊಗೆ ಬಿಡ್ತದೆ ಅಷ್ಟೆ."

"ಬಿಡಲಿ. ಬಿಚ್ಚಿ ಹೋಗುದಿಲ್ಲ, ನೋಡು."

ನನ್ನ ಪ್ರಕಾರ ಕೆಲಸ ಅಲ್ಲಿಗೆ ಮುಗಿದಿತ್ತು. ಹತ್ತು ದಿನ ಕಳೆದು ಮೇಲೆ ಹೋದರೆ, ಸಫಿಯಮ್ಮನ ಮಡಿಲಲ್ಲಿ ಅನ್ನದ ದೊಡ್ಡ ತಟ್ಟೆ, ಅದರ ತುಂಬ ಜೇನುಹುಳ.

"ಶಾಲೆಯವರು ಕೇಳಿದ್ದು ಒಂದು ಅಲ್ವಾ?"

"ಒಂದು ಅಂತ ಯಾರು ಕೊಡ್ತಾರೆ ಮಾರಾಯ್ತಿ? ಬೀಡಿ ಇಪ್ಪತ್ತೈದು ಆದ್ರೆ ಒಂದು ಕಟ್ಟು." ಒಂದನ್ನು ಮಾತ್ರ ಒಪ್ಪಿಸುವುದು ಅವರಿಗೆ ನಾಚಿಕೆಗೇಡಿನ ವಿಷಯ. ಇಪ್ಪತ್ತನಾಲ್ಕು ತಯಾರಾಗಿದ್ದವು. ಕೊನೆಯದಕ್ಕೆ ತಲೆ ಮಡಚುವುದು ಬಾಕಿ ಇತ್ತು.

ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಶಹಲಾ ಇಣುಕಿದಳು. ತಟ್ಟೆ ನೋಡಿ ಕಿಸಕ್ಕನೆ ನಕ್ಕಳು. ಒಂದು ಮಾರು ದೂರ ಬಿಟ್ಟು ಕೂತು, ಹುಳಗಳನ್ನು ಒಂದೊಂದೇ ಎತ್ತಿ ನೆಲದ ಮೇಲೆ ಸಾಲು ನಿಲ್ಲಿಸಿದಳು. ಆಮೇಲೆ ಬಾಯಿ ತೆರೆದಿದ್ದ ಕೊನೆಯದನ್ನು ತಾನೇ ಎತ್ತಿಕೊಂಡು ಅಂಚನ್ನು ಒಳಕ್ಕೆ ಒತ್ತಿದಳು. ಹತ್ತಿ ಹೊರಗೆ ಬಂತು. ಮತ್ತೆ ಒತ್ತಿದಳು, ಮತ್ತೆ ಬಂತು. ಸಫಿಯಮ್ಮ ಕೈ ಮುಂದೆ ಮಾಡಿ, ತಟ್ಟನೆ ಹಿಂದಕ್ಕೆ ಎಳೆದುಕೊಂಡರು.

ಹುಡುಗಿಗೆ ಸಿಟ್ಟು ಬಂತು. ಪಕ್ಕಕ್ಕೆ ಜರುಗಿ ಅಜ್ಜಿಯ ಹೆಬ್ಬೆರಳನ್ನು ಹಿಡಿದೆಳೆದು ತನ್ನ ಬೆರಳಿನ ಮೇಲಿಟ್ಟು, "ಪುಶ್," ಎಂದಳು.

"ಮೆಲ್ಲ, ಮೆಲ್ಲ," ಎನ್ನುತ್ತಾ ಸಫಿಯಮ್ಮ ಒತ್ತಿದರು. ಗಟ್ಟಿ ಬೆರಳಿಗೆ ಹತ್ತಿ ಅಡಗಿ ಕೂತಿತು. ತಲೆ ಮಾತ್ರ ಸೊಟ್ಟ.

ಮರುದಿನ ಇಡೀ ಕಟ್ಟು ಶಾಲೆಗೆ ಹೋಯಿತು. ನನಗೆ ಮಧ್ಯಾಹ್ನದ ಮೇಲೆ ಡ್ಯೂಟಿ ಇದ್ದುದರಿಂದ ಬೆಳಿಗ್ಗೆ ಮೇಲಿನ ಮನೆಯಲ್ಲೇ ಇದ್ದೆ. ಬ್ರಾಂಚಿಗೆ ಬೀಡಿ ಕೊಟ್ಟು ಕಾಯುವವರ ಹಾಗೆ ಸಫಿಯಮ್ಮ ಕಿಟಕಿ ಬಿಟ್ಟು ಅಲುಗಲಿಲ್ಲ, ಚಹಾ ತಣ್ಣಗಾಯಿತು. ಶಹಲಾ ಬಂದದ್ದು ಬರಿಗೈಯಲ್ಲಿ. ಸಫಿಯಮ್ಮನ ಮುಖ ಸಣ್ಣದಾಯಿತು.

"ಕ್ಲಾಸಿನ ಮಕ್ಕಳೆಲ್ಲ ಒಂದೊಂದು ತೆಗೊಂಡ್ರಂತೆ ಮಾಮಿ, ಟೀಚರ್‌ಗೂ ಬೇಕಾಯ್ತಂತೆ," ಎಂದಳು ರುಕಯ್ಯಾ, ಮಗಳ ಬ್ಯಾಗು ಇಳಿಸುತ್ತಾ. ಶಹಲಾ ಬ್ಯಾಗಿನೊಳಗೆ ಕೈ ಹಾಕಿ ಉಳಿದ ಒಂದೇ ಒಂದು ಹುಳವನ್ನು ತೆಗೆದಳು. ತಲೆ ಸೊಟ್ಟಗಿದ್ದದ್ದು. ಅದನ್ನು ಯಾರಿಗೂ ಕೊಟ್ಟಿರಲಿಲ್ಲ.

ಸಫಿಯಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ, ತಲೆ ಒತ್ತಿ, ನೂಲು ಎಳೆದು ನೋಡಿ, "ಪಾಸ್," ಎಂದರು.

ಶಹಲಾ ಒಳಗೆ ಹೋದವಳು ಬಾಚಣಿಗೆ ಹಿಡಿದು ಬಂದಳು. ಅದನ್ನು ಅಜ್ಜಿಯ ಕೈಗೆ ತುರುಕಿ, ಬೆನ್ನು ಹಾಕಿ ಕೂತಳು.

"ಮೆಲ್ಲ, ಉಮ್ಮಮ್ಮ."

ನಲವತ್ತು ವರ್ಷ ಅವಸರದಲ್ಲೇ ದುಡಿದ ಕೈ ಅಂದು ಒಂದು ಜಡೆಗೆ ಅರ್ಧ ಗಂಟೆ ತೆಗೆದುಕೊಂಡಿತು. ನನಗೆ ಡ್ಯೂಟಿಗೆ ತಡವಾಗುತ್ತಿತ್ತು, ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ.